ಇನ್ನೋವಾ ಸ್ಟೇರಿಂಗ್ ಬಾಕ್ಸ್ ರಿಪೇರಿ: ಮೂರು ವರ್ಷ, 41 ಸಾವಿರ ಕಿಲೋಮೀಟರ್ ಓಡಿಸಿದ ಮೇಲೆ

ನನ್ನದು 2011ರ ಟೊಯೋಟಾ ಇನ್ನೋವಾ, ಡೀಸೆಲ್. ಬಿಡದಿಯ ಕಾರ್ಖಾನೆಯಲ್ಲಿ ಹುಟ್ಟಿ ಬೆಂಗಳೂರಿನ ಜೆ.ಪಿ. ನಗರದ ಬೇಸ್‌ಮೆಂಟಿನಲ್ಲಿ ಬೆಳೆದ ಗಾಡಿ. ಹೈಡ್ರಾಲಿಕ್ ಪವರ್ ಸ್ಟೇರಿಂಗ್, ಅಂದರೆ ತಿರುಗಿಸಲು ನೆರವಾಗುವುದು ಆಯಿಲಿನ ಒತ್ತಡ, ಈಗಿನ ಕಾರುಗಳ ಹಾಗೆ ಮೋಟರ್ ಅಲ್ಲ. ಜೆ.ಸಿ. ರಸ್ತೆಯ ಒಳಗಲ್ಲಿಯೊಂದರ ಅಂಗಡಿಯಲ್ಲಿ ಇದರ ಸ್ಟೇರಿಂಗ್ ಬಾಕ್ಸ್, ಅಂದರೆ ಸ್ಟೇರಿಂಗ್ ತಿರುಗಿಸಿದ್ದನ್ನು ಮುಂದಿನ ಗಾಲಿಗಳಿಗೆ ಮುಟ್ಟಿಸುವ ಭಾಗ, ಪೂರ್ತಿ ಬಿಚ್ಚಿಸಿ ಕಟ್ಟಿಸಿದ್ದೆ. ಈಗ ಮೂರು ವರ್ಷ ಆಗುತ್ತಾ ಬಂತು. ರಿಪೇರಿ ಆದ ವಾರಕ್ಕೇ 'ಸೂಪರ್' ಅಂತ ಬರೆಯುವುದು ಸುಲಭ, ಆಯಿಲ್ ಸೋರದಂತೆ ತಡೆಯುವ ರಬ್ಬರ್ ಸೀಲಿನ ಬಂಡವಾಳ ಗೊತ್ತಾಗುವುದು ಎರಡು ಮಳೆಗಾಲ ಕಳೆದ ಮೇಲೆ. ಅದಕ್ಕೇ ಇಷ್ಟು ತಡವಾಗಿ ಬರೀತಿದ್ದೀನಿ.

ತೊಂದರೆ ಶುರುವಾಗಿದ್ದು ನೆಲದ ಮೇಲೆ. ಎಡಗಡೆ ಮುಂದಿನ ಚಕ್ರದ ಹತ್ತಿರ ಅಂಗೈಯಗಲ ಕೆಂಪು ಕಲೆ. ಪವರ್ ಸ್ಟೇರಿಂಗಿಗೆ ಹಾಕುವುದು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಟಿಎಫ್ ಆಯಿಲ್, ಅದರ ಬಣ್ಣ ಕೆಂಪು, ಹಾಗಾಗಿ ಎಂಜಿನ್ ಆಯಿಲ್ ಇರಬಹುದೇನೋ ಅನ್ನುವ ಗೊಂದಲ ಇರಲಿಲ್ಲ. ಜೊತೆಗೆ ಬೆಳಗ್ಗೆ ಎದ್ದು ಗಾಡಿ ತೆಗೆದರೆ ಎಡಕ್ಕೆ ತಿರುಗಿಸುವಾಗ ಮಾತ್ರ ಕಲ್ಲು ಎಳೆದ ಹಾಗೆ. ಹತ್ತು ನಿಮಿಷ ಓಡಿದ ಮೇಲೆ ಸರಿಹೋಗುತ್ತಿತ್ತು.

ಮೊದಲು ಮನೆ ಹತ್ತಿರದ ಗ್ಯಾರೇಜಿಗೆ ಕೊಟ್ಟೆ. ಹೆಸರು ಬೇಡ. 'ಸೀಲ್ ಕಿಟ್ ಹಾಕಿದ್ರೆ ಮುಗೀತು ಸಾರ್' ಅಂದರು, ಒಂದೇ ದಿನದಲ್ಲಿ ಕೊಟ್ಟರು. ಮನೆಗೆ ಬಂದು ನೋಡಿದರೆ ಹಾರ್ನ್ ಇಲ್ಲ. ಬಾಕ್ಸ್ ಇಳಿಸಿದಾಗ ಸ್ಟೇರಿಂಗ್ ಚಕ್ರ ಹಿಡಿತವಿಲ್ಲದೆ ಸುತ್ತಿಬಿಟ್ಟರೆ ಅದರ ಕೆಳಗಿನ ಸುರುಳಿ ಕೇಬಲ್ ಕಿತ್ತುಹೋಗುತ್ತದೆ. ಹಾರ್ನಿನ ಸಂಪರ್ಕ, ಏರ್‌ಬ್ಯಾಗ್ ಇದ್ದರೆ ಅದರದ್ದೂ, ಹೋಗುವುದು ಅಲ್ಲಿಂದಲೇ. ಚಕ್ರಕ್ಕೆ ಒಂದು ಹಗ್ಗ ಕಟ್ಟಿದ್ದರೂ ಸಾಕಿತ್ತು. ಇನ್ನು ಸೀಲ್? ನಾಲ್ಕೇ ತಿಂಗಳು. ಅದೇ ಜಾಗದಲ್ಲಿ ಅದೇ ಕೆಂಪು ಕಲೆ. ಶೋರೂಮಿನಲ್ಲಿ ಕೇಳಿದರೆ ಇಡೀ ಬಾಕ್ಸನ್ನೇ ಹೊಸದು ಹಾಕಬೇಕು ಅಂತ ಒಂದು ಕೊಟೇಶನ್ ಕೈಗಿಟ್ಟರು. ಹದಿಮೂರು ವರ್ಷದ ಗಾಡಿಗೆ ಅಷ್ಟು ದುಡ್ಡು ಸುರಿಯಲು ಮನಸ್ಸು ಬರಲಿಲ್ಲ.

ಜೆ.ಸಿ. ರಸ್ತೆ ದಾರಿ ತೋರಿಸಿದ್ದು ನಮ್ಮ ಭಾವ, ಟ್ರಾವೆಲ್ಸ್ ಗಾಡಿ ಓಡಿಸುವವರು. ಬೋರ್ಡು ಕಾಣದಷ್ಟು ಚಿಕ್ಕ ಅಂಗಡಿ, ಒಳಗೆ ಕಪಾಟಿನ ತುಂಬ ಹಳೇ ಸ್ಟೇರಿಂಗ್ ರ್‍ಯಾಕುಗಳು, ಸೀಮೆಎಣ್ಣೆ ವಾಸನೆ. ಮೇಸ್ತ್ರಿಗೆ ಅರವತ್ತರ ಹತ್ತಿರ. ಬಾಕ್ಸ್ ಕೈಗೆ ಬಂದ ಕೂಡಲೇ ಎಡಗಡೆಯ ರಬ್ಬರ್ ಬೂಟಿನ (ನೀರು, ಮಣ್ಣು ಒಳಗೆ ಹೋಗದಂತೆ ಹಾಕುವ ಮಡಿಕೆ ಚೀಲ) ಕ್ಲಿಪ್ ತೆಗೆದು ಹಿಂಡಿದರು, ಮಣ್ಣು ಬೆರೆತ ಆಯಿಲ್ ಸುರಿಯಿತು. ಬೂಟಿನ ಮಡಿಕೆಯಲ್ಲಿ ಒಂದು ಸೀಳು. ಆಮೇಲೆ ಬಾಕ್ಸಿನೊಳಗೆ ಎಡಬಲಕ್ಕೆ ಜಾರಿ ಗಾಲಿ ತಿರುಗಿಸುವ ರಾಡನ್ನು (ರ‍್ಯಾಕ್ ಅನ್ನುವುದು ಇದಕ್ಕೇ) ಬಟ್ಟೆಯಲ್ಲಿ ಒರೆಸಿ ಹೆಬ್ಬೆರಳಿನ ಉಗುರನ್ನು ಅದರ ಉದ್ದಕ್ಕೂ ನಿಧಾನಕ್ಕೆ ಎಳೆದರು. ಒಂದು ಕಡೆ ಉಗುರು ತಡೆಯಿತು. 'ನೀವೂ ನೋಡಿ' ಅಂತ ನನ್ನ ಕೈ ಹಿಡಿದು ಅಲ್ಲೇ ಇಟ್ಟರು. ಕಣ್ಣಿಗೆ ಸಾಸಿವೆ ಕಾಳಿಗಿಂತ ಸಣ್ಣ ಚುಕ್ಕಿಗಳು, ಉಗುರಿಗೆ ಹಳ್ಳ. ಹರಿದ ಬೂಟಿನೊಳಗೆ ನೀರು ಹೋಗಿ ರಾಡ್ ತುಕ್ಕು ತಿಂದಿತ್ತು. 'ಅರದ ಮೇಲೆ ರಬ್ಬರ್ ಉಜ್ಜಿದ್ರೆ ಎಷ್ಟು ದಿನ ತಡೀತದೆ ಸಾರ್? ಸೀಲ್ ಹಾಕಿದವನ್ದು ತಪ್ಪಿಲ್ಲ, ರಾಡ್ ನೋಡ್ದೇ ಇದ್ದಿದ್ದು ತಪ್ಪು.'

ಈ ಮೂರು ವರ್ಷ ಬಾಳಿದ್ದಕ್ಕೆ ಕಾರಣ ಆ ಉಗುರು ಅಂತಲೇ ನನ್ನ ನಂಬಿಕೆ. ರಾಡನ್ನು ಪೀಣ್ಯಕ್ಕೆ ಕಳಿಸಿ ಹಾರ್ಡ್ ಕ್ರೋಮ್ ಲೇಪನ ಮಾಡಿಸಿ ಗ್ರೈಂಡಿಂಗ್ ಹೊಡೆಸಿದರು. ಎರಡು ದಿನ ಅಂದಿದ್ದು ಐದು ದಿನವಾಯಿತು. ಫೋನ್ ಮಾಡಿದಾಗಲೆಲ್ಲ 'ನಾಳೆ ಸಾರ್'. ಇದು ನನ್ನ ಒಂದು ದೂರು.

ಬೆಳಗಿನ ಬಿಗಿತಕ್ಕೆ ಕಾರಣ ಬೇರೆಯೇ ಇತ್ತು. ಸ್ಟೇರಿಂಗ್ ಕಂಬ ಬಾಕ್ಸಿಗೆ ಸೇರುವ ಕಡೆ ಕಂಟ್ರೋಲ್ ವಾಲ್ವ್ ಅಂತ ಒಂದು ಉರುಳೆ ಇದೆ, ಅದರ ನಡುವೆ ಪೆನ್ಸಿಲಿನಂಥ ಒಂದು ಉಕ್ಕಿನ ಸರಳು. ನಾವು ಚಕ್ರ ತಿರುಗಿಸಿದಾಗ ಆ ಸರಳು ತುಸುವೇ ತಿರುಚಿಕೊಳ್ಳುತ್ತದೆ, ಆ ತುಸು ಅಂತರದಲ್ಲೇ ಕಿಂಡಿಗಳು ತೆರೆದು ಪಂಪಿನ ಒತ್ತಡದ ಆಯಿಲ್ ಎಡಕ್ಕೋ ಬಲಕ್ಕೋ ನುಗ್ಗಿ ರ್‍ಯಾಕನ್ನು ತಳ್ಳುತ್ತದೆ. ಕೈ ಬಲ ಹೆಚ್ಚಾದಷ್ಟೂ ತಿರುಚು ಹೆಚ್ಚು, ಸಹಾಯವೂ ಹೆಚ್ಚು. ಎಡದ ಆಯಿಲ್ ಬಲಕ್ಕೆ ಸೋರದ ಹಾಗೆ ವಾಲ್ವಿನ ಮೇಲೆ ಟೆಫ್ಲಾನ್ ರಿಂಗುಗಳಿವೆ. ಅವು ಸವೆದರೆ ಆಯಿಲ್ ಒಳಗೊಳಗೇ ದಾರಿ ತಪ್ಪುತ್ತದೆ. ನೆಲದ ಮೇಲೆ ಒಂದು ಹನಿಯೂ ಬೀಳುವುದಿಲ್ಲ, ಆದರೆ ಕೈ ನೋಯುತ್ತದೆ. ಹೊಸ ರಿಂಗುಗಳನ್ನು ಬಿಸಿನೀರಲ್ಲಿ ಹಾಕಿ ಮೆತ್ತಗೆ ಮಾಡಿ, ಹಿಗ್ಗಿಸಿ ಕೂರಿಸಿ, ಮತ್ತೆ ಒಂದು ಕೊಳವೆಯೊಳಗೆ ತೂರಿಸಿ ಕುಗ್ಗಿಸಿದರು. ಕಾಫಿ ಲೋಟದ ಪಕ್ಕದಲ್ಲೇ ಇನ್ನೊಂದು ಸ್ಟೀಲ್ ಲೋಟದಲ್ಲಿ ರಿಂಗುಗಳು ಮುಳುಗಿದ್ದವು, ಯಾವುದು ಯಾವುದೆಂದು ಅವರಿಗೆ ಗೊತ್ತಿತ್ತು ಅಂದುಕೊಂಡಿದ್ದೇನೆ.

ಜೋಡಿಸಿದ ಮೇಲೆ ಮುಂದಿನ ಚಕ್ರ ಎರಡನ್ನೂ ಜಾಕಿನ ಮೇಲೆ ಎತ್ತಿ, ಎಂಜಿನ್ ಹಚ್ಚದೆ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸಿದರು. ಒಳಗಿನ ಗಾಳಿ ಹೊರಬಂದು ಆಯಿಲ್ ಡಬ್ಬಿಯಲ್ಲಿ ಗುಳ್ಳೆ ಏಳುವುದು ನಿಂತ ಮೇಲೆಯೇ ಎಂಜಿನ್. ಈ ಸಲ ಬಾಕ್ಸ್ ಇಳಿಸುವಾಗ ಸ್ಟೇರಿಂಗನ್ನು ಸೀಟ್ ಬೆಲ್ಟಿನಿಂದ ಬಿಗಿದಿದ್ದರು, ಕೇಳದೆಯೇ. ಗಾಲಿಗಳ ಅಲೈನ್‌ಮೆಂಟ್ ಹೊರಗೆ ಮಾಡಿಸಿಕೊಂಡೆ, ಅದನ್ನು ಮಾಡಿಸದೆ ಬಿಟ್ಟರೆ ಟೈರ್ ತಿನ್ನುತ್ತದೆ. ಎಲ್ಲ ಸೇರಿ 14,500 ರೂಪಾಯಿ, ಆರು ತಿಂಗಳ ಗ್ಯಾರಂಟಿ ವಿಸಿಟಿಂಗ್ ಕಾರ್ಡಿನ ಹಿಂದೆ ಪೆನ್ನಲ್ಲಿ. ಜಿಎಸ್‌ಟಿ ಬಿಲ್ ಬೇಕು ಅನ್ನುವವರಿಗೆ ಈ ಜಾಗ ಅಲ್ಲ.

ಒಂದು ತಿಂಗಳಿಗೆ ಆಯಿಲ್ ಮತ್ತೊಮ್ಮೆ ಬದಲಿಸಲು ಹೇಳಿದ್ದರು, ಹೊಸ ಸೀಲಿನ ಪುಡಿ, ಹಳೇ ಕೊಳೆ ಎಲ್ಲ ಮೊದಲ ಆಯಿಲಿಗೆ ಬರುತ್ತದಂತೆ. ಬದಲಿಸಿದೆ, ಕಂದು ಬಣ್ಣಕ್ಕೆ ತಿರುಗಿತ್ತು. ಅದಾದ ಮೇಲೆ ಚಾರ್ಮಾಡಿ ಘಾಟಿ ನಾಲ್ಕು ಸಲ ಹತ್ತಿಳಿದಿದೆ, ಗಾಂಧಿ ಬಜಾರಿನಲ್ಲಿ ಎರಡು ಸ್ಕೂಟರ್ ನಡುವಿನ ಜಾಗಕ್ಕೆ ಲೆಕ್ಕವಿಲ್ಲದಷ್ಟು ಸಲ ನುಗ್ಗಿದೆ. ಬೆಳಗಿನ ಬಿಗಿತ ಪೂರ್ತಿ ಹೋಗಿದೆ. ಒಂದು ವರ್ಷಕ್ಕೆ ಬೂಟನ್ನು ಬಿಗಿದಿದ್ದ ಪ್ಲಾಸ್ಟಿಕ್ ಟ್ಯಾಗ್ ಕಡಿದು ಬಂತು. ಲೋಹದ ಕ್ಲಿಪ್ ಹಾಕಬೇಕಾದ ಕಡೆ ಆರು ರೂಪಾಯಿ ಉಳಿಸಿದ್ದರು! ಇಷ್ಟೆಲ್ಲ ಪಾಠ ಹೇಳಿದ ಮನುಷ್ಯ ಬೂಟ್ ವಿಷಯದಲ್ಲೇ ಹೀಗೆ ಮಾಡಿದ್ದು ಇನ್ನೂ ಅರ್ಥವಾಗಿಲ್ಲ. ಅದೃಷ್ಟಕ್ಕೆ ಮಳೆಗಾಲಕ್ಕೆ ಮುಂಚೆ ಕಣ್ಣಿಗೆ ಬಿತ್ತು. ಎರಡನೇ ವರ್ಷ ಪಂಪ್ ಸಣ್ಣಗೆ ಕೊರಗಿತು, ನೋಡಿದರೆ ಆಯಿಲ್ ವಾಪಸ್ ಬರುವ ಹೋಸ್ ಪೈಪ್ ಬೆವರುತ್ತಿತ್ತು, ಅದು ಬಾಕ್ಸಿನ ತಪ್ಪಲ್ಲ. ನನ್ನ ಕಡೆಯಿಂದಲೂ ಒಂದು ಅಭ್ಯಾಸ ಬಿಟ್ಟಿದ್ದೇನೆ: ಪಾರ್ಕಿಂಗ್ ಮಾಡುವಾಗ ಸ್ಟೇರಿಂಗ್ ಚಕ್ರವನ್ನು ಪೂರ್ತಿ ತುದಿಗೆ ತಿರುಗಿಸಿ ಹಾಗೇ ಹಿಡಿದು ನಿಲ್ಲುವುದು. ಆಗ ಪಂಪ್ ತನ್ನ ಗರಿಷ್ಠ ಒತ್ತಡದಲ್ಲಿ ಸುಮ್ಮನೆ ಬೇಯುತ್ತಿರುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಅರ್ಧ ಆ ಐದು ದಿನಕ್ಕೆ ಹೋಯಿತು, ಇನ್ನರ್ಧ ಪ್ಲಾಸ್ಟಿಕ್ ಟ್ಯಾಗಿಗೆ.