ಓಪನ್ ವಾಟರ್ ಕಾರ್ಡ್ ಸಿಕ್ಕ ಮರುದಿನ ಬರುವ ಪ್ಯಾಕೇಜ್‌ಗೆ ಸಹಿ ಹಾಕುವ ಮುನ್ನ

ಸ್ಕೂಬಾ ಡೈವಿಂಗ್‌ನ ಮೊದಲ ಹಂತವಾದ ಓಪನ್ ವಾಟರ್ ತರಬೇತಿ ಮುಗಿದ ಕೂಡಲೇ 'ಅಡ್ವಾನ್ಸ್ಡ್ ಕೋರ್ಸ್, ಜೊತೆಗೆ ನಿಮ್ಮದೇ ಸಲಕರಣೆ, ಎಲ್ಲ ಸೇರಿ ಒಂದೇ ದರ' ಎಂದು ಯಾರಾದರೂ ಹೇಳಿದರೆ ಒಂದು ರಾತ್ರಿ ಕಾಯಿರಿ. ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ, ಅಂದರೆ ಹಿಂದಿನ ಹ್ಯಾವ್‌ಲಾಕ್‌ನಲ್ಲಿ, ನನಗೆ ಈ ಪ್ಯಾಕೇಜನ್ನು 60,000 ರೂಪಾಯಿಗೆ ಮಾರಿದರು. ಡೈವ್ ಸೆಂಟರ್‌ನ ಹೆಸರು ಬರೆಯುವುದಿಲ್ಲ. ವ್ಯವಹಾರ ಇನ್ನೂ ಮುಗಿದಿಲ್ಲ.

ಓಪನ್ ವಾಟರ್ ಕಾರ್ಡ್ ಇದ್ದರೆ 18 ಮೀಟರ್‌ವರೆಗೆ ಇಳಿಯಬಹುದು, ಅಡ್ವಾನ್ಸ್ಡ್ ಆದರೆ 30. 'ಸರ್, ನೋಡುವಂಥದ್ದೆಲ್ಲ 18ರ ಕೆಳಗೇ ಇರುವುದು' ಎಂದರು ಮಾಲೀಕರು. ಶುದ್ಧ ಸುಳ್ಳು. ಹವಳ ಬೆಳೆಯಲು ಬೆಳಕು ಬೇಕು, ಮೀನುಗಳ ಸಂತೆ ಹೆಚ್ಚಾಗಿ ನೆರೆಯುವುದೂ ಮೇಲಿನ ನೀರಿನಲ್ಲೇ. ಕೆಳಗೆ ಹೋದಂತೆ ಬಣ್ಣ ಕಡಿಮೆಯಾಗುತ್ತದೆ, ಗಾಳಿಯ ಖರ್ಚು ಹೆಚ್ಚುತ್ತದೆ. 30 ಮೀಟರ್‌ನಲ್ಲಿ ಒತ್ತಡ ಮೇಲ್ಮೈಯ ನಾಲ್ಕು ಪಟ್ಟು, ಆದ್ದರಿಂದ ಪ್ರತಿ ಉಸಿರಿಗೂ ನಾಲ್ಕು ಪಟ್ಟು ಗಾಳಿ ಬೇಕು. ನೀರಿನೊಳಗೆ ಕೆಳಗಿಳಿಯದೆ, ಮೇಲೇಳದೆ ನೆಟ್ಟಗೆ ತೇಲಲು ಇನ್ನೂ ಒದ್ದಾಡುತ್ತಿರುವವರಿಗೆ ಆ ಆಳ ಕೂಸು ಹುಟ್ಟುವ ಮುನ್ನ ಹೊಲಿಸಿದ ಕುಲಾವಿ.

ಸಲಕರಣೆಯೆಂದರೆ ಹಳೆಯ ಬಿಸಿಡಿ, ಅಂದರೆ ಗಾಳಿ ತುಂಬಿ ತೇಲುವಿಕೆ ಹೊಂದಿಸಿಕೊಳ್ಳುವ ಜಾಕೆಟ್, ಮತ್ತು ಸಿಲಿಂಡರ್‌ನ ಗಾಳಿಯನ್ನು ಉಸಿರಾಡುವ ಹದಕ್ಕೆ ತಂದು ಬಾಯಿಗೆ ಕೊಡುವ ಹಳೆಯ ರೆಗ್ಯುಲೇಟರ್. 'ಮೊನ್ನೆಯಷ್ಟೇ ಸರ್ವಿಸ್ ಆಗಿದೆ' ಎಂದರು. ರಸೀದಿ ಕೇಳಿದರೆ ಪೋರ್ಟ್ ಬ್ಲೇರ್‌ನಲ್ಲಿದೆ ಎಂಬ ಉತ್ತರ.

ಆ ಕೋರ್ಸ್‌ನ ಆಳದ ಡೈವ್‌ನಲ್ಲಿ 28 ಮೀಟರ್ ಹತ್ತಿರ ಬಂದಾಗ ಆ ರೆಗ್ಯುಲೇಟರ್‌ನಿಂದ ಗಾಳಿ ತಾನಾಗಿಯೇ ಭೋರೆಂದು ಹರಿಯತೊಡಗಿತು. ಡೈವಿಂಗ್‌ನವರು ಇದನ್ನು ಫ್ರೀ ಫ್ಲೋ ಎನ್ನುತ್ತಾರೆ. ಹರಿಯುವ ರೆಗ್ಯುಲೇಟರ್‌ನಿಂದ ಉಸಿರಾಡುವುದನ್ನು ಓಪನ್ ವಾಟರ್‌ನಲ್ಲಿ ಕಲಿಸಿರುತ್ತಾರೆ, ಆದರೆ ಕಲಿತದ್ದು ಮಂಡಿಯೂರಿ ಕುಳಿತ ಆಳವಿಲ್ಲದ ನೀರಿನಲ್ಲಿ. ಗುಳ್ಳೆಗಳ ನಡುವೆ ನನಗೆ ಕಾಣುತ್ತಿದ್ದದ್ದು ಒತ್ತಡ ಮಾಪಕದ ಮುಳ್ಳು ಮಾತ್ರ. ಅದು ಕಣ್ಣೆದುರೇ ಇಳಿಯುತ್ತಿತ್ತು. ತರಬೇತುದಾರರು ತಮ್ಮ ಆಕ್ಟೋಪಸನ್ನು, ಅಂದರೆ ಉಸಿರಾಡಲು ಇರುವ ಹೆಚ್ಚುವರಿ ಬಾಯಿತುಂಡನ್ನು, ನನ್ನ ಬಾಯಿಗಿಟ್ಟು, ನನ್ನ ಬಿಸಿಡಿಯ ಪಟ್ಟಿ ಹಿಡಿದು, ಎಲ್ಲರನ್ನೂ ಮೇಲಕ್ಕೆ ಕರೆದುಕೊಂಡು ಬಂದರು. ಸುರಕ್ಷತೆಗಾಗಿ 5 ಮೀಟರ್‌ನಲ್ಲಿ 3 ನಿಮಿಷ ನಿಂತದ್ದೂ ಅವರ ಗಾಳಿಯಲ್ಲೇ. ತರಬೇತುದಾರನಾದ ಆ ಹುಡುಗನ ಬಗ್ಗೆ ನನಗೆ ಯಾವ ದೂರೂ ಇಲ್ಲ. ಆಳ, ಸಮಯಗಳ ಲೆಕ್ಕವಿಡುವ ಡೈವ್ ಕಂಪ್ಯೂಟರ್ ಇದ್ದದ್ದು ಇಡೀ ತಂಡದಲ್ಲಿ ಅವರೊಬ್ಬರ ಕೈಯಲ್ಲಿ.

ಬೆಂಗಳೂರಿಗೆ ಬಂದ ಮೇಲೆ ರೆಗ್ಯುಲೇಟರನ್ನು ಬಲ್ಲವರೊಬ್ಬರಿಂದ ಬಿಚ್ಚಿಸಿದೆ. ಸಿಲಿಂಡರ್‌ಗೆ ಕೂರುವ ಫಸ್ಟ್ ಸ್ಟೇಜ್‌ನ ಒಳಗಿನ ಸೀಟ್ ಎಂಬ ಕವಾಟದ ಬಿಲ್ಲೆ ಸವೆದುಹೋಗಿತ್ತು. ಅದು ಸವೆದರೆ ಬಾಯಿಗೆ ಬರುವ ಕೊಳವೆಯ ಒತ್ತಡ ಮೆಲ್ಲಗೆ ಏರಿ ಬಾಯಿಯ ಕಡೆಯ ಕವಾಟವನ್ನು ತಳ್ಳಿ ತೆರೆಯುತ್ತದೆ. ಗಾಳಿ ಒಳಹೋಗುವ ಬಾಯಲ್ಲಿರುವ ಪುಟ್ಟ ಲೋಹದ ಫಿಲ್ಟರ್ ಹಸಿರುಗಟ್ಟಿತ್ತು, ಅಂದರೆ ಉಪ್ಪುನೀರು ಒಳಗೆ ಹೊಕ್ಕಿತ್ತು. ಇದನ್ನು ಯಾರು ಬೇಕಾದರೂ ನೋಡಬಹುದು: ಮುಚ್ಚಳ ತೆಗೆದು ಇಣುಕಿ, ಫಿಲ್ಟರ್ ಬೆಳ್ಳಗೆ ಹೊಳೆಯದೆ ಹಸಿರಾಗಿಯೋ ತುಕ್ಕಿನ ಕೆಂಪಾಗಿಯೋ ಇದ್ದರೆ ಕೊಳ್ಳಬೇಡಿ. ಸರ್ವಿಸ್ ದಾಖಲೆ ಕಾಗದದಲ್ಲಿ ಇಲ್ಲದಿದ್ದರೆ ಸರ್ವಿಸ್ ಆಗಿಲ್ಲವೆಂದೇ ತಿಳಿಯಿರಿ.

ಹೊಸಬರು ಮೊದಲು ಕೊಳ್ಳಬೇಕಾದದ್ದು ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಮತ್ತು ಸ್ವಂತ ಡೈವ್ ಕಂಪ್ಯೂಟರ್. ರೆಗ್ಯುಲೇಟರ್, ಬಿಸಿಡಿ ಬಾಡಿಗೆಗೆ ಸಿಗುತ್ತವೆ. ವರ್ಷಕ್ಕೆ ಒಂದೆರಡು ಸಲ ಸಮುದ್ರಕ್ಕಿಳಿಯುವವರಿಗೆ ಅವುಗಳ ನಿರ್ವಹಣೆಯೇ ಹೊರೆ. ಕೋರ್ಸ್‌ಗೆ ಅವಸರವಿಲ್ಲ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಕಡಿಮೆ ಆಳದಲ್ಲಿ ತೇಲುವುದನ್ನು ಹದಕ್ಕೆ ತಂದುಕೊಳ್ಳಿ. ಅಡ್ವಾನ್ಸ್ಡ್ ಮಾಡುವಾಗಲೂ ಡೈವಿಂಗ್ ಪ್ರಮಾಣಪತ್ರ ಕೊಡುವ ಪಾಡಿ (PADI) ಸಂಸ್ಥೆಯ ಪದ್ಧತಿಯಲ್ಲಿ ಐದು ಡೈವ್‌ಗಳಲ್ಲಿ ಆಳ ಮತ್ತು ದಿಕ್ಕು ಹಿಡಿಯುವುದು ಎರಡು ಮಾತ್ರ ಕಡ್ಡಾಯ. ಉಳಿದ ಮೂರರಲ್ಲಿ ಒಂದನ್ನು ತೇಲುವಿಕೆಗೆ ಕೇಳಿ ಪಡೆಯಿರಿ. ಫೋಟೊ ಡೈವ್ ಸೇರಿಸಿ ಮುಗಿಸುವುದು ಅವರಿಗೆ ಸುಲಭ, ನಿಮಗೆ ನಷ್ಟ.

ಯಾರೂ ಮಾರಲಾಗದ್ದರಿಂದ ಯಾರೂ ಒತ್ತಿ ಹೇಳದ ಇನ್ನೊಂದು ವಿಷಯ. ಡೈವ್‌ನಲ್ಲಿ ದೇಹದೊಳಗೆ ಕರಗಿದ ಸಾರಜನಕ ಹೊರಹೋಗಬೇಕಾದ್ದರಿಂದ, ಡೈವ್ ಮಾಡಿದ ಮೇಲೆ ವಿಮಾನ ಹತ್ತಲು, ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಆದರೆ 18 ಗಂಟೆ ಕಾಯಬೇಕು. ಇದು ವಿಮಾನಕ್ಕಷ್ಟೇ ಅಲ್ಲ, ಎತ್ತರಕ್ಕೆ ಏರುವ ರಸ್ತೆಗೂ ಅನ್ವಯಿಸುತ್ತದೆ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ನೇತ್ರಾಣಿಯಲ್ಲಿ ಮಧ್ಯಾಹ್ನ ಮುಳುಗಿ ಅದೇ ರಾತ್ರಿಯ ಬಸ್ಸಿನಲ್ಲಿ ಘಟ್ಟ ಹತ್ತುವವರು ಎಷ್ಟೋ ಜನ. ಒಂದು ರಾತ್ರಿ ಕರಾವಳಿಯಲ್ಲೇ ಉಳಿಯಿರಿ.

ನನ್ನ ಅಡ್ವಾನ್ಸ್ಡ್ ಕಾರ್ಡ್ ವಾರದೊಳಗೆ ಇಮೇಲ್‌ನಲ್ಲಿ ಬಂತು. ಅರ್ಧಕ್ಕೇ ನಿಂತ ಆಳದ ಡೈವ್ ಅವರ ದಾಖಲೆಯಲ್ಲಿ ಪೂರ್ಣಗೊಂಡಿದೆ. ಪ್ರಮಾಣಪತ್ರ ಕೊಡುವ ಸಂಸ್ಥೆಗೆ ದೂರು ಬರೆದಿದ್ದೇನೆ, ಉತ್ತರ ಬರಬೇಕಿದೆ. ರೆಗ್ಯುಲೇಟರ್‌ನ ಹಣದಲ್ಲಿ ಅರ್ಧ ಮರಳಿಸಿದ ಮಾಲೀಕರು ಈಗ ನನ್ನ ಕರೆ ಎತ್ತುತ್ತಿಲ್ಲ.