ಹೋಸ್ಟ್ಸ್.ಲೋಕಲ್ ಉಳಿಸಿಕೊಳ್ಳುವುದೋ, ಐಪಿನೋಡ್ಸ್‌ಗೆ ಬರುವುದೋ?

ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿ ಪಾಳಿಗೆ ಕುಳಿತು ಝಡ್‌ಓಎಸ್ (ಐಬಿಎಂ ಮೇನ್‌ಫ್ರೇಮ್‌ಗಳ ಕಾರ್ಯಾಚರಣ ವ್ಯವಸ್ಥೆ) ನೋಡಿಕೊಳ್ಳುವವರಿಗೆ ನನ್ನ ಸಲಹೆ ಐಪಿನೋಡ್ಸ್. ಎರಡೂ ಯಂತ್ರಗಳ ಹೆಸರಿಗೆ ಜಾಲದ ವಿಳಾಸ ಹೊಂದಿಸಿಡುವ ಸ್ಥಳೀಯ ಕಡತಗಳೇ. ಹೋಸ್ಟ್ಸ್.ಲೋಕಲ್ ಕಡತದಲ್ಲಿ ಹೆಸರು ತಿದ್ದಿದರಷ್ಟೇ ಸಾಲದು. ಮೇಕ್‌ಸೈಟ್ ಎಂಬ ಆಜ್ಞೆ ಓಡಿಸಿ, ವ್ಯವಸ್ಥೆ ನಿಜಕ್ಕೂ ಓದುವ ಸೈಟ್‌ಇನ್ಫೋ, ಅಡ್ರ್‌ಇನ್ಫೋ ಕಡತಗಳನ್ನು ಹೊಸದಾಗಿ ಹುಟ್ಟಿಸಬೇಕು. ಮರೆತರೆ ತಿದ್ದುಪಡಿ ಕಣ್ಣೆದುರಿಗೇ ಇರುತ್ತದೆ, ವ್ಯವಸ್ಥೆ ಮಾತ್ರ ಹಳೆಯ ವಿಳಾಸವನ್ನೇ ಹಿಡಿದು ಕೂರುತ್ತದೆ. ಐಪಿವಿ6 (ಐಪಿವಿ4ರ ನಂತರದ ಹೊಸ ವಿಳಾಸ ಪದ್ಧತಿ) ಅಂತೂ ಹೋಸ್ಟ್ಸ್.ಲೋಕಲ್‌ಗೆ ಒಗ್ಗುವುದೇ ಇಲ್ಲ.

ಐಪಿನೋಡ್ಸ್‌ನಲ್ಲಿ ಯುನಿಕ್ಸ್ ರೀತಿ: ಸಾಲಿನಲ್ಲಿ ಮೊದಲು ವಿಳಾಸ, ಆಮೇಲೆ ಹೆಸರು. ಮೇಕ್‌ಸೈಟ್‌ನ ರಗಳೆಯಿಲ್ಲ. ಆದರೆ ರಿಸಾಲ್ವರ್‌ನ (ಹೆಸರಿಗೆ ವಿಳಾಸ ಹುಡುಕಿಕೊಡುವ ಭಾಗ) ಸೆಟಪ್ ಕಡತದಲ್ಲಿ ಕಾಮನ್‌ಸರ್ಚ್ ಎಂದು ಬರೆಯದಿದ್ದರೆ ಐಪಿವಿ4 ಹುಡುಕಾಟ ಹಳೆಯ ಕಡತಗಳ ಕಡೆಗೇ ಹೊರಡುತ್ತದೆ. ಬರೆದು, ಸೆಟಪ್ ಕಡತದ ಹೆಸರು ಕೊಟ್ಟು ರಿಸಾಲ್ವರ್ ರಿಫ್ರೆಶ್ ಮಾಡಿ.

ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ, ಬೇರೆ ಹೇಳದಿದ್ದರೆ, ವ್ಯವಸ್ಥೆ ಮೊದಲು ಕೇಳುವುದು ಡಿಎನ್‌ಎಸ್ (ಜಾಲದಲ್ಲಿ ಹೆಸರಿಗೆ ವಿಳಾಸ ಹೇಳುವ ಸರ್ವರ್) ಅನ್ನೇ. ಸ್ಥಳೀಯ ಕಡತ ಮುಂದಾಗಬೇಕೆಂದರೆ ಟಿಸಿಪಿಐಪಿ.ಡೇಟಾ ಎಂಬ ಜಾಲ ಸೆಟ್ಟಿಂಗ್ ಕಡತದಲ್ಲಿ ‘ಲುಕಪ್ ಲೋಕಲ್ ಡಿಎನ್‌ಎಸ್’ ಇರಲಿ.