ಪಿಆರ್-1440 ಬಿ-2 ಸೀಲೆಂಟ್: ಎಂಟು ವರ್ಷ ಬಳಸಿದ ಮೇಲೆ

ರೆಕ್ಕೆಯ ಒಳಭಾಗವೇ ಇಂಧನ ಟ್ಯಾಂಕ್ ಆಗಿರುವ ಸಣ್ಣ ವಿಮಾನಗಳ ಸೋರಿಕೆ ಮುಚ್ಚುವುದು ಬೆಂಗಳೂರಿನಲ್ಲಿ ನನ್ನ ಕೆಲಸ. ಎಂಟು ವರ್ಷಗಳಿಂದ ಹೆಚ್ಚಾಗಿ ಬಳಸಿದ್ದು ಒಣಗಿದ ಮೇಲೆ ರಬ್ಬರಿನಂತಾಗುವ ಈ ಪಾಲಿಸಲ್ಫೈಡ್ ಸೀಲೆಂಟನ್ನೇ. ಅಂಟಿನ ಬಗ್ಗೆ ನನಗೆ ದೂರಿಲ್ಲ. ಸರಿಯಾಗಿ ಒಣಗಲು ಬಿಟ್ಟ ಒಂದು ಜೋಡಣೆಯೂ ಮತ್ತೆ ಸೋರಿಲ್ಲ. ಹೇಳಬೇಕಾದದ್ದು ಆ ‘ಸರಿಯಾಗಿ’ ಎಂಬುದರ ಬಗ್ಗೆ.

ಹೆಸರಿನಲ್ಲಿರುವ 2 ಎಂದರೆ ಎರಡು ಭಾಗಗಳನ್ನು ಕಲಸಿದ ಮೇಲೆ ಹಚ್ಚಲು ಸಿಗುವ 2 ಗಂಟೆ. ಆದರೆ ಅದು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ 50 ತೇವಾಂಶದ ಲೆಕ್ಕ. ಉಷ್ಣತೆ ಸುಮಾರು 5.5 ಡಿಗ್ರಿ ಏರಿದರೆ ಸಮಯ ಅರ್ಧವಾಗುತ್ತದೆ, ಅಷ್ಟೇ ಇಳಿದರೆ ಇಮ್ಮಡಿಯಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಹ್ಯಾಂಗರ್ 36 ಡಿಗ್ರಿ ಮುಟ್ಟಿದಾಗ ನನ್ನ ಕೈಗೆ ಸಿಗುವುದು ಅರ್ಧ ಗಂಟೆ ಮಾತ್ರ. ಅಷ್ಟರೊಳಗೆ ರಿವೆಟ್ ಸಾಲಿಗೆ ಹಚ್ಚಿ, ಗುಳ್ಳೆ ಒತ್ತಿ ತೆಗೆದು, ಅಂಚು ನಯಗೊಳಿಸಬೇಕು. ಮಳೆಗಾಲದ ತೇವವೂ ಆ ಸಮಯವನ್ನು ಕಡಿಮೆ ಮಾಡುತ್ತದೆ.

ಪೆಟ್ಟು ಬಿದ್ದದ್ದು ಮಾತ್ರ ಚಳಿಯಲ್ಲಿ. ಒಂದು ಡಿಸೆಂಬರ್‌ನಲ್ಲಿ ಮೇಲ್ಮೈ ಬೆರಳಿಗೆ ಅಂಟದ್ದನ್ನು ನೋಡಿ, ವಿಮಾನ ಬೇಗ ಬೇಕೆಂಬ ಒತ್ತಾಯಕ್ಕೆ ಮಣಿದು, ಮೂರನೆಯ ದಿನ ಇಂಧನ ತುಂಬಿಸಿದೆ. ಮರುದಿನ ರೆಕ್ಕೆಯಡಿ ನೀಲಿ ಕಲೆ. ಸಣ್ಣ ವಿಮಾನಗಳಿಗೆ ಹಾಕುವ 100ಎಲ್ಎಲ್ ಪೆಟ್ರೋಲಿನ ಬಣ್ಣ ಸುಳ್ಳು ಹೇಳುವುದಿಲ್ಲ. ಟ್ಯಾಂಕ್ ಖಾಲಿ ಮಾಡಿ, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದಾಗ ಒಳಗೆ ಇನ್ನೂ ಮೆತ್ತಗಿತ್ತು. ಸ್ವಚ್ಛಗೊಳಿಸಿ ಮತ್ತೆ ಹಚ್ಚಲು ಹೋದ ದಿನಗಳು, ಕಾದಿದ್ದರೆ ಬೇಕಾಗುತ್ತಿದ್ದಕ್ಕಿಂತ ಹೆಚ್ಚು.

ಇಂಥ ಟ್ಯಾಂಕ್ ಸೀಲೆಂಟ್‌ಗಳ ಎಎಂಎಸ್-ಎಸ್-8802 ಮಾನದಂಡ ಎರಡು ಗಡಿಗಳನ್ನು ಬೇರೆ ಬೇರೆಯಾಗಿಯೇ ಇಟ್ಟಿದೆ: ಬಿ-2 ಹೆಚ್ಚೆಂದರೆ 40 ಗಂಟೆಗಳಲ್ಲಿ ಬೆರಳಿಗೆ ಅಂಟದಂತಾಗಬೇಕು, 72 ಗಂಟೆಗಳಲ್ಲಿ ರಬ್ಬರಿನ ಗಡಸುತನ ಅಳೆಯುವ ಶೋರ್ ಎ ಮಾಪಕದಲ್ಲಿ 30ರ ಗಡಸುತನ ತಲುಪಬೇಕು. ಇವೂ 25 ಡಿಗ್ರಿಯ ಲೆಕ್ಕಗಳೇ, ಚಳಿಯಲ್ಲಿ ಇನ್ನೂ ಹೆಚ್ಚು ಹೊತ್ತು ಬೇಕು. ಬೆರಳಿನ ಪರೀಕ್ಷೆ ಮೊದಲನೆಯದನ್ನಷ್ಟೇ ಹೇಳುತ್ತದೆ.

ಈಗ ಪ್ರತಿ ಬಾರಿ ಕಲಸಿದ ಸೀಲೆಂಟಿನಿಂದ ಒಂದು ಬಿಲ್ಲೆ ಮಾಡಿ ದುರಸ್ತಿ ಮಾಡಿದ ಜಾಗದ ಪಕ್ಕದಲ್ಲೇ ಇಡುತ್ತೇನೆ. ಅದರ ಮೇಲೆ ಮಾಪಕ ಒತ್ತಿ 30 ಕಂಡ ಮೇಲೆಯೇ ಇಂಧನ. ಅವಸರವಿದ್ದರೆ ಬೆಚ್ಚನೆಯ ಗಾಳಿ ಬಿಡಬಹುದು, ಆದರೆ 60 ಡಿಗ್ರಿ ದಾಟಬಾರದು, ಟ್ಯಾಂಕಿನಲ್ಲಿ ಆವಿಯ ಸುಳಿವೂ ಇರಬಾರದು.

ಹೊಸಬರು ತೂಕ ಮಾಡಿ ಕಲಸುವ ಡಬ್ಬಿಗಿಂತ ಟ್ಯೂಬಿನೊಳಗೇ ಕಲಸುವ ಕಿಟ್ ಕೊಳ್ಳಲಿ. ಬೆಲೆ ಹೆಚ್ಚು, ಆದರೆ ಎರಡು ಭಾಗಗಳ ಪ್ರಮಾಣ ತಪ್ಪುವುದಿಲ್ಲ. ಸಣ್ಣ ಕೆಲಸಕ್ಕೆ ಹಚ್ಚಲು ಅರ್ಧ ಗಂಟೆ ಸಿಗುವ ಬಿ-1/2 ಸಾಕು. ಅದು ಬೇಗ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಮಾತ್ರ ಅದನ್ನು ಬೆಳಗಿನ ಜಾವದಲ್ಲೇ ಹಚ್ಚಿ ಮುಗಿಸಿ.